ಮಲಗಿದವಳ ಮುಖ

ಆಸ್ಪತ್ರೆಯ ಬಟ್ಟೆಗಳನ್ನು ತೊಳೆದು, ಒಣಗಿಸಿ, ಇಸ್ತ್ರಿ ಹಾಕಿ ವಾಪಸ್ ಕಳಿಸುವ ಆ ದೊಡ್ಡ ಲಾಂಡ್ರಿಯಲ್ಲಿ ಅವಳನ್ನು ಎಲ್ಲರೂ ಇಸ್ತ್ರಿಯಕ್ಕ ಅಂತಲೇ ಕರೆಯುತ್ತಿದ್ದರು. ಅವಳಿಗಿಂತ ವಯಸ್ಸಾದವರೂ ಅಕ್ಕ ಅನ್ನುತ್ತಿದ್ದರು. ಮೊದಮೊದಲು ಅದಕ್ಕೆ ಅವಳು ಮೂಗು ಮುರಿದದ್ದುಂಟು, ಆಮೇಲೆ ಅದೇ ಹೆಸರಿಗೆ ತಿರುಗಿ ನೋಡುವುದು ರೂಢಿಯಾಯಿತು. ಮದುವೆಯಾಗಿ ಈ ಮಹಾನಗರಕ್ಕೆ ಬಂದ ವರ್ಷವೇ ಆ ಕೆಲಸಕ್ಕೆ ಸೇರಿದವಳು. ಅಲ್ಲಿನ ಇಸ್ತ್ರಿ ಅಂದರೆ ಕೈಯಲ್ಲಿ ಹಿಡಿದು ಉಜ್ಜುವ ಪೆಟ್ಟಿಗೆಯಲ್ಲ. ಗೋಡೆಯಿಂದ ಗೋಡೆಗೆ ಚಾಚಿಕೊಂಡ ಕಾದ ಉರುಳೆ. ಈಚೆಯಿಂದ ಇಬ್ಬರು ಒದ್ದೆ ಹೊದಿಕೆಯ ಎರಡು ಮೂಲೆ ಹಿಡಿದು ಅದರ ಬಾಯಿಗೆ ಕೊಡಬೇಕು, ಆಚೆಯಿಂದ ಅದು ಹಪ್ಪಳದ ಹಾಗೆ ಗರಿಗರಿಯಾಗಿ ಬರುತ್ತದೆ. ಕೊಡುವವರ ಕೈ ನಿಂತರೆ ಉರುಳೆ ನಿಲ್ಲುವುದಿಲ್ಲ. ಹಬೆ ಮುಖಕ್ಕೆ ಹೊಡೆಯುತ್ತದೆ, ಕಾಲಡಿಯ ನೆಲ ಸದಾ ಒದ್ದೆ.

ಬೆಳಕು ಹರಿಯುವ ಮೊದಲೇ ಬಸ್ಸು ಹತ್ತಿ ಹೋದರೆ, ಬಿಸಿಲು ನೆತ್ತಿಗೆ ಬಂದಾಗ ಅವಳು ಮನೆಗೆ ಬರುತ್ತಿದ್ದಳು. ಹಳೆಯ ಕಟ್ಟಡದ ಮೂರನೆಯ ಮಹಡಿ, ಎರಡು ಕೋಣೆ. ಒಂದರಲ್ಲಿ ಅಡುಗೆ, ಊಟದ ಮೇಜು, ಕಿಟಕಿಯ ಹತ್ತಿರ ಅತ್ತೆಯ ಕುರ್ಚಿ. ಇನ್ನೊಂದರಲ್ಲಿ ಮಂಚ, ಬೀರು, ಒಣಗಿದ ಬಟ್ಟೆಯ ಗುಡ್ಡೆ. ಬಂದವಳು ಕೈಕಾಲು ತೊಳೆದು, ತಣ್ಣಗಾದದ್ದನ್ನೇ ಒಂದಿಷ್ಟು ತಿಂದು, ಮಂಚದ ಮೇಲೆ ಬಿದ್ದರೆ ಮುಗಿಯಿತು. ಹೊತ್ತು ಇಳಿಯುವವರೆಗೆ ಅವಳು ಯಾರಿಗೂ ಅಕ್ಕನಲ್ಲ, ಸೊಸೆಯಲ್ಲ, ಹೆಂಡತಿಯಲ್ಲ. ಆ ನಿದ್ದೆಯೊಂದೇ ಅವಳ ಸ್ವಂತ ಆಸ್ತಿ. ಮಗಳು ಚಿಕ್ಕವಳಿದ್ದಾಗ ಅದಕ್ಕೂ ಕುತ್ತು ಬಂದಿತ್ತು. ಮಗಳು ಬೆಳೆದು, ಮದುವೆಯಾಗಿ, ಊರಿನ ಇನ್ನೊಂದು ತುದಿಯಲ್ಲಿ ಸಂಸಾರ ಹೂಡಿದ ಮೇಲೆ ಮತ್ತೆ ಕೈಗೆ ಬಂದಿತ್ತು.

ಗಂಡನಿಗೆ ಓಣಿಯವರು ಇಟ್ಟ ಹೆಸರು ನಗಾರಿ. ಪ್ರವಾಸಿಗಳನ್ನು ತೆರೆದ ಬಸ್ಸಿನಲ್ಲಿ ಕೂರಿಸಿಕೊಂಡು ಊರು ತೋರಿಸುವ ಕೆಲಸ ಅವನದು. ಮೈಕು ಕೈಕೊಟ್ಟರೂ ಹಿಂದಿನ ಸಾಲಿನವರಿಗೆ ಕೇಳುವಂಥ ಗಂಟಲು. ಗೋಪುರ, ಸೇತುವೆ, ಹಳೆಯ ಕೋಟೆಬಾಗಿಲು, ಸಮುದ್ರದ ದಂಡೆಯ ಗಡಿಯಾರ, ಎಲ್ಲದಕ್ಕೂ ಅವನ ಹತ್ತಿರ ಒಂದೊಂದು ಕಥೆ. ಆ ಕಥೆಗಳಲ್ಲಿ ಎಷ್ಟು ನಿಜ, ಎಷ್ಟು ಅವನ ಕೈಯಡುಗೆ ಅಂತ ಅವನಿಗೇ ಮರೆತುಹೋಗಿತ್ತು. ಸಂಜೆ ಮನೆಗೆ ಬಂದಾಗ ಮಾತ್ರ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಮಾತೆಲ್ಲ ಬಸ್ಸಿನಲ್ಲೇ ಖರ್ಚಾಗಿರುತ್ತಿತ್ತು.

ಅಂಥವನು ಒಂದು ಸಂಜೆ ಬಂದು, ಚಪ್ಪಲಿ ಬಿಡುವ ಮೊದಲೇ ಬಾಯಿ ತೆರೆದ.

"ಆಫೀಸಿಗೆ ಹೊಸ ಮೇಡಂ ಬಂದಿದಾರೆ. ಗೋಪುರಾನೂ ಬೇಡ್ವಂತೆ, ಸೇತುವೇನೂ ಬೇಡ್ವಂತೆ."

"ಮತ್ತೆ? ಬಸ್ಸಲ್ಲಿ ಕೂತು ಏನು ನೋಡ್ತಾರೆ, ನಿಮ್ಮ ಮುಖಾನ?"

"ಬಸ್ಸೂ ಇಲ್ಲ. ಕಟ್ಟಡ ಎಲ್ಲ ಫೋನಲ್ಲೇ ಕಾಣುತ್ತೆ, ಅದನ್ನ ನೋಡೋಕೆ ಯಾರು ಬರ್ತಾರೆ ಅಂತಾರೆ. ಜನಕ್ಕೆ ಈಗ ಊರಿನವರ ಹಾಗೆ ಊರು ನೋಡಬೇಕಂತೆ. ನಾವು ಹತ್ತೋ ಬಸ್ಸು ಹತ್ತಿ, ನಾವು ಕ್ಷೌರ ಮಾಡಿಸ್ಕೊಳ್ಳೋ ಕಡೆ ಮಾಡಿಸ್ಕೊಂಡು, ನಾವು ತರಕಾರಿ ಕೊಳ್ಳೋ ಕಡೆ ಕೊಂಡು..."

"ಕೊಂಡು?"

ನಗಾರಿ ಗೋಡೆ ನೋಡುತ್ತ ಹೇಳಿದ. "ಯಾರಾದ್ರೂ ಊರಿನವರ ಮನೇಲಿ ಸ್ವಲ್ಪ ಹೊತ್ತು ಕೂತು ಹೋಗೋದು."

ಅವಳು ಪಾತ್ರೆ ಉಜ್ಜುತ್ತಿದ್ದವಳು ತಿರುಗಿದಳು. ಯಾರಾದರೂ ಅಂದರೆ ಯಾರು ಅಂತ ಕೇಳಬೇಕಾದ ಅಗತ್ಯವೇ ಇರಲಿಲ್ಲ. ಗಂಡನ ಬೆನ್ನೇ ಹೇಳುತ್ತಿತ್ತು. ಹಳಬರಲ್ಲಿ ಅರ್ಧ ಜನರನ್ನು ಆ ಮೇಡಂ ಆಗಲೇ ಮನೆಗೆ ಕಳಿಸಿದ್ದಳು. ಉಳಿದವರು ಏನಾದರೂ ಹೊಸದು ತಂದುಕೊಡಬೇಕಿತ್ತು. ನಗಾರಿಯ ಹತ್ತಿರ ತಂದುಕೊಡಲು ಇದ್ದದ್ದು ಈ ಎರಡು ಕೋಣೆ.

"ನಾನು ಬಂದು ಮಲಗೋ ಹೊತ್ತಿಗಾ?" ಅಂದಳು.

"ನೀನು ಇರಬೇಕಲ್ವಾ. ಇಲ್ಲದಿದ್ರೆ ಬರೀ ಮನೆ ನೋಡಿ ಏನು ಮಾಡ್ತಾರೆ?"

ಕಿಟಕಿಯ ಹತ್ತಿರ ಕೂತ ಅತ್ತೆಗೆ ಕಿವಿ ಮಂದ. ಆದರೆ ತನಗೆ ಬೇಕಾದ ಮಾತು ಮಾತ್ರ ಹೇಗೋ ಕೇಳಿಸುತ್ತಿತ್ತು. "ಬರಲಿ ಬಿಡೇ," ಅಂದರು. "ಈ ಮನೆಗೆ ಜನ ಬಂದು ಯಾವ ಕಾಲ ಆಯ್ತು."

ಹಾಗೆ ಶುರುವಾಯಿತು. ಅವಳು ಲಾಂಡ್ರಿಯಿಂದ ಬಂದು ಮೆಟ್ಟಿಲು ಹತ್ತುವಾಗಲೇ ಮೇಲಿನಿಂದ ಮಾತು, ನಗು ಕೇಳುತ್ತಿತ್ತು. ಬಾಗಿಲ ಹೊರಗೆ ಪರಊರಿನ ಬೂಟುಗಳ ಸಾಲು. ಒಳಗೆ ಅವಳ ಮೇಜಿನ ಸುತ್ತ ನಾಲ್ಕೈದು ಜನ, ಅವಳ ಲೋಟಗಳಲ್ಲಿ ಟೀ ಹಿಡಿದು, ಅವಳನ್ನು ಕಂಡದ್ದೇ ಮದುವೆ ಹೆಣ್ಣನ್ನು ಕಂಡವರ ಹಾಗೆ ಎದ್ದು ನಿಲ್ಲುತ್ತಿದ್ದರು. ಅವಳು ಕೈ ತೊಳೆಯುವುದನ್ನು ನೋಡುತ್ತಿದ್ದರು. ಸೀರೆಯ ಸೆರಗಿಗೆ ಕೈ ಒರೆಸಿಕೊಳ್ಳುವುದನ್ನು ನೋಡುತ್ತಿದ್ದರು. ಇದ್ದ ತರಕಾರಿಯನ್ನು ಅವಳು ಮೇಜಿಗೆ ಸುರಿದರೆ ಬಂದವರೂ ಜೊತೆಗೆ ಕೂತು ಹೆಚ್ಚುತ್ತಿದ್ದರು. ಅದು ಮೇಡಂ ಹೇಳಿಕೊಟ್ಟ ಏರ್ಪಾಡು. ಅವರು ಹೆಚ್ಚಿದ್ದನ್ನು ಆಮೇಲೆ ಅವಳು ಇನ್ನೊಂದು ಸಲ ಹೆಚ್ಚಬೇಕಾಗುತ್ತಿತ್ತು.

ಪ್ರಶ್ನೆಗಳೂ ಬರುತ್ತಿದ್ದವು.

"ಕೆಲಸದಿಂದ ಬಂದು ಸಾಮಾನ್ಯವಾಗಿ ಏನು ಮಾಡ್ತೀರಿ?"

"ಮಲಗ್ತೀನಿ."

ಎಲ್ಲರೂ ನಗುತ್ತಿದ್ದರು. ನಗಾರಿಯೂ ನಗುತ್ತಿದ್ದ, ಅವನ ನಗು ಮಾತ್ರ ಗಂಟಲಿನಿಂದ ಕೆಳಗೆ ಇಳಿಯುತ್ತಿರಲಿಲ್ಲ.

"ಈ ಊರಲ್ಲಿ ನಿಮಗೆ ತುಂಬಾ ಇಷ್ಟವಾದ ಜಾಗ ಯಾವುದು?"

ಅವಳು ಯೋಚಿಸಿ ಹೇಳುತ್ತಿದ್ದಳು, "ಬಸ್ಸಲ್ಲಿ ಕಿಟಕಿ ಪಕ್ಕದ ಸೀಟು." ಅದಕ್ಕೂ ನಗು. ಅವಳು ತಮಾಷೆ ಮಾಡಿರಲಿಲ್ಲ.

ಅತ್ತೆಗೆ ಮಾತ್ರ ಸುಗ್ಗಿಯೋ ಸುಗ್ಗಿ. ಬಂದವರೆಲ್ಲ ಅವರ ಕುರ್ಚಿಯ ಸುತ್ತ ಕೂತು ಕಥೆ ಕೇಳುವವರೇ. ತೀರಿಹೋದ ಮಾವ ಒಂದು ದಿನ ಹಡಗಿನ ಕಪ್ತಾನನಾಗಿರುತ್ತಿದ್ದ, ಇನ್ನೊಂದು ದಿನ ಸರ್ಕಸ್ಸಿನಲ್ಲಿ ಕುದುರೆ ಕುಣಿಸುವವನು. ನಿಜಕ್ಕೂ ಅವರು ಸೈಕಲ್ ಅಂಗಡಿಯಲ್ಲಿ ಪಂಕ್ಚರ್ ಹಾಕುತ್ತಿದ್ದವರು. "ಸುಳ್ಳು ಯಾಕತ್ತೆ ಹೇಳ್ತೀರಿ?" ಅಂತ ಅವಳು ಕೇಳಿದಾಗ ಅತ್ತೆ ಅಂದರು, "ಪಾಪ, ಅಷ್ಟು ದೂರದಿಂದ ಬಂದಿರ್ತಾರೆ. ಪಂಕ್ಚರ್ ಹಾಕ್ತಿದ್ರು ಅಂತ ಕಳಿಸಲಾ?"

ವಾರ ಕಳೆದ ಹಾಗೆ ಅವಳ ಮೈ ಲೆಕ್ಕ ತಪ್ಪತೊಡಗಿತು. ಬಂದವರು ಹೊರಡುವಷ್ಟರಲ್ಲಿ ಸಂಜೆ. ಆಮೇಲೆ ಮಲಗಿದರೆ ಅಡುಗೆ ಯಾರು ಮಾಡುವುದು? ರಾತ್ರಿ ಬೇಗ ಮಲಗೋಣ ಅಂದರೆ ಕಟ್ಟಡವೆಲ್ಲ ಟಿ.ವಿ. ಹಾಕಿಕೊಂಡು ಕೂತಿರುವ ಹೊತ್ತು. ಉರುಳೆಯ ಮುಂದೆ ನಿಂತಾಗ ಕಣ್ಣು ತಾನೇ ಮುಚ್ಚುತ್ತಿತ್ತು. ಒಂದು ಬೆಳಗ್ಗೆ ಹೊದಿಕೆಯ ಮೂಲೆಯ ಜೊತೆಗೆ ಮಣಿಕಟ್ಟೂ ಉರುಳೆಗೆ ತಾಗಿತು. ಚುರ್ ಅಂದಾಗಲೇ ಅವಳಿಗೆ ಎಚ್ಚರ. ಜೊತೆಗೆ ನಿಲ್ಲುತ್ತಿದ್ದ ಗೆಳತಿ ಅವಳ ಕೈಯನ್ನು ತಣ್ಣೀರಿನ ನಲ್ಲಿಯ ಕೆಳಗೆ ಹಿಡಿದು ಬೈದಳು. "ನಿನ್ನ ಗಂಡ ಗಿರಾಕಿಗಳಿಗೆ ಒಂದು ದಿನ ನಿನ್ನ ಹೆಣ ತೋರಿಸ್ತಾನೆ ನೋಡು." ಇಸ್ತ್ರಿಯಕ್ಕ ನಲ್ಲಿ ನಿಲ್ಲಿಸಿ ಮತ್ತೆ ಉರುಳೆಯ ಮುಂದೆ ಹೋಗಿ ನಿಂತಳು. ಉತ್ತರ ಕೊಡುವುದಕ್ಕೂ ಶಕ್ತಿ ಬೇಕು.

ಮಣಿಕಟ್ಟಿಗೆ ಬಟ್ಟೆ ಸುತ್ತಿಕೊಂಡೇ ಮನೆಗೆ ಬಂದ ಆ ಮಧ್ಯಾಹ್ನ ಮೇಜಿನ ಸುತ್ತ ನಾಲ್ವರಿದ್ದರು. ಒಂದು ಗಂಡ ಹೆಂಡತಿ, ಕೆಂಪು ಕೋಟಿನ ಒಬ್ಬ ಹುಡುಗಿ, ಮತ್ತೆ ಮೂಲೆಯಲ್ಲಿ, ಟೋಪಿಯನ್ನು ಮಂಡಿಯ ಮೇಲೆ ಇಟ್ಟುಕೊಂಡು ಕೂತ ಒಬ್ಬ ವಯಸ್ಸಾದ ಮನುಷ್ಯ. ಗಂಡಸಿನ ಕೈ ನೋಡಿದರೇ ಅವನು ಎಂಥವನು ಅಂತ ಅವಳಿಗೆ ಅರ್ಧ ಗೊತ್ತಾಗುತ್ತಿತ್ತು. ಈತನದು ದುಡಿದ ಕೈ, ಅಂಗೈಯಲ್ಲಿ ದಡ್ಡುಗಟ್ಟಿತ್ತು. ಉಳಿದವರು ಅವಳನ್ನು ಕಂಡು ಎದ್ದರು, ಈತ ಎದ್ದದ್ದು ಅವಳಿಗೆ ಕುರ್ಚಿ ಬಿಟ್ಟುಕೊಡಲು.

ಅವಳು ಕೂತಳು. ಹುರುಳಿಕಾಯಿಯ ರಾಶಿಯನ್ನು ಮಡಿಲಿಗೆ ಎಳೆದುಕೊಂಡು ನಾರು ತೆಗೆಯತೊಡಗಿದಳು. ಕೆಂಪು ಕೋಟಿನ ಹುಡುಗಿ ಏನೋ ಕೇಳುತ್ತಿದ್ದಳು. ಬಾಲ್ಯದ ಬಗ್ಗೆಯೋ, ಬಟ್ಟೆಯ ಬಗ್ಗೆಯೋ. ಅತ್ತೆ ಆ ದಿನದ ಮಾವನನ್ನು ಕುದುರೆ ಹತ್ತಿಸುತ್ತಿದ್ದರು. ನಗಾರಿಯ ದನಿ ದೂರದ ರೈಲಿನ ಹಾಗೆ ಬರುತ್ತಿತ್ತು. ಒಂದು ಕಾಯಿ ಮುರಿದಳು, ಇನ್ನೊಂದು ಮುರಿದಳು. ಆಮೇಲೆ ಏನಾಯಿತೋ ಅವಳಿಗೆ ತಿಳಿಯದು.

ಎಚ್ಚರವಾದಾಗ ಕೋಣೆಯಲ್ಲಿ ಬೆಳಕು ಜಾಗ ಬದಲಿಸಿತ್ತು. ಮೇಜಿನ ಸುತ್ತ ಯಾರೂ ಇರಲಿಲ್ಲ. ಅವಳ ಹೆಗಲ ಮೇಲೆ ಯಾರದೋ ಉಲ್ಲನ್ ಶಾಲು. ಅವಳ ಎದುರಿನ ಕುರ್ಚಿಯಲ್ಲಿ ಆ ವಯಸ್ಸಾದ ಮನುಷ್ಯ ಗಲ್ಲ ಎದೆಗೆ ಊರಿ ಗೊರಕೆ ಹೊಡೆಯುತ್ತಿದ್ದ. ಕಿಟಕಿಯ ಹತ್ತಿರ ಅತ್ತೆ, ತುಟಿಯ ಮೇಲೆ ಬೆರಳಿಟ್ಟು ಕೂತಿದ್ದರು, ಸಂತೆಯಲ್ಲಿ ಸಾಮಾನು ಕಾಯುವವರ ಹಾಗೆ.

"ನಿನಗೆ ನಿದ್ದೆ ಬಂತು," ಅಂದರು ಅತ್ತೆ ಪಿಸುದನಿಯಲ್ಲಿ. ಅವರ ಪಿಸುದನಿ ಅಂದರೆ ಪಕ್ಕದ ಮನೆಗೆ ಕೇಳುವಷ್ಟು. "ನಿನ್ನನ್ನ ನೋಡಿ ನೋಡಿ ಅವನಿಗೂ ಬಂತು. ಉಳಿದವರನ್ನ ನಿನ್ನ ಗಂಡ ಹೊರಗೆ ಕರ್ಕೊಂಡು ಹೋದ."

ಮನುಷ್ಯ ಬೆಚ್ಚಿ ಎದ್ದ. ನಾಚಿಕೆಯಿಂದ ಟೋಪಿ ಹುಡುಕಿದ. ಅದು ಕಾಲಡಿ ಬಿದ್ದಿತ್ತು. "ಕ್ಷಮಿಸಿ ತಾಯಿ. ಬಂದ ಮನೇಲಿ ಹೀಗೆ..."

"ನಾನೇ ಮೊದಲು ಮಲಗಿದ್ದಲ್ವಾ?" ಅಂದಳು ಅವಳು. ಇಬ್ಬರಿಗೂ ನಗು ಬಂತು. ಬಹಳ ದಿನಗಳ ಮೇಲೆ ಅವಳಿಗೆ ತಲೆ ಹಗುರವಾಗಿತ್ತು. ಟೀ ಇಟ್ಟಳು. ಆತ ಕೇಳದೆಯೇ ಹುರುಳಿಕಾಯಿ ರಾಶಿಗೆ ಕೈ ಹಾಕಿ, ಸರಿಯಾಗಿ ನಾರು ತೆಗೆದು, ಸರಿಯಾಗಿ ಮುರಿದು ಬಟ್ಟಲಿಗೆ ಹಾಕತೊಡಗಿದ.

ಆತ ಲಾರಿ ಡ್ರೈವರ್ ಆಗಿದ್ದವನು. ಇತ್ತೀಚೆಗೆ ಕಣ್ಣಿನ ತೊಂದರೆಯಿಂದ ಸ್ಟಿಯರಿಂಗ್ ಬಿಟ್ಟಿದ್ದ. ಹಾಯಾಗಿ ಊರು ನೋಡಿಕೊಂಡು ಬಾ ಅಂತ ಮಕ್ಕಳು ಕಳಿಸಿದ್ದರು.

"ಈ ಊರು ಹೊಸದಾ ನಿಮಗೆ?"

"ಹೊಸದೆಲ್ಲಿ ಬಂತು! ಜೀವಮಾನ ಪೂರ್ತಿ ಇಲ್ಲಿಗೇ ಲೋಡ್ ತಂದಿದೀನಿ. ಗೋಡೌನಿಗೆ ಬರೋದು, ಇಳಿಸೋದು, ಲಾರಿಯಲ್ಲೇ ಮಲಗೋದು, ಹೊರಡೋದು. ಇಳಿದು ನಡೆದಿದ್ದು ಅಂದ್ರೆ ಗೇಟಿನಿಂದ ಟೀ ಅಂಗಡಿವರೆಗೆ."

"ಅದಕ್ಕೆ ಗೋಪುರ ಎಲ್ಲ ನೋಡೋಣ ಅಂತ ಬಂದ್ರಾ?"

ಆತ ಇಲ್ಲ ಅಂತ ತಲೆಯಾಡಿಸಿದ. ಸ್ವಲ್ಪ ಹೊತ್ತು ಕಾಯಿ ಮುರಿದ. "ಊರೊಳಗೆ ಬರೋವಾಗ ದೊಡ್ಡ ರಸ್ತೆಯ ಎರಡೂ ಕಡೆ ಮನೆಗಳು ಕಾಣ್ತಿದ್ವು. ಕಿಟಕಿಯಲ್ಲಿ ದೀಪ. ಒಳಗೆ ಯಾರೋ ಪಾತ್ರೆ ತೊಳೀತಿರ್ತಾರೆ, ಯಾರೋ ಮಗು ಎತ್ಕೊಂಡು ಓಡಾಡ್ತಿರ್ತಾರೆ. ಹಸಿರು ಸಿಗ್ನಲ್ ಬಿದ್ದಿದ್ದೇ ಮುಂದೆ ಹೋಗಬೇಕು. ಒಂದು ಸಲ ಅಂಥ ಒಂದು ಮನೆಯೊಳಗೆ ಕೂತ್ಕೋಬೇಕು ಅಂತಿತ್ತು, ಅಷ್ಟೇ. ಈ ಆಫೀಸಿನವರು ಮನೇಗೆ ಕರ್ಕೊಂಡು ಹೋಗ್ತೀವಿ ಅಂದ್ರಲ್ಲ, ಬಂದೆ. ಬಂದು ನೋಡಿದ್ರೆ ನಿಮಗೆ ಕಣ್ಣು ಬಿಡೋಕಾಗ್ತಿಲ್ಲ. ಎದ್ದು ಹೋಗಬೇಕು ಅಂದ್ಕೊಂಡೆ, ಅಷ್ಟರಲ್ಲಿ ನನಗೂ..."

"ಒಳ್ಳೇದೇ ಆಯ್ತು ಬಿಡಿ. ಕೂತಿದ್ದಕ್ಕಿಂತ ಮಲಗಿದ್ದಕ್ಕೆ ಹೆಚ್ಚು ಮನೆಯವರ ಹಾಗೆ ಆದ್ರಿ."

ಆತ ಹೋಗುವಾಗ ಬಾಗಿಲಲ್ಲಿ ನಿಂತು, ಕೋಣೆಯನ್ನು ಒಂದು ಸಲ ಪೂರ್ತಿ ನೋಡಿದ. ಒಲೆ, ಮೇಜು, ಗೋಡೆಯ ಮೊಳೆಗೆ ನೇತುಹಾಕಿದ್ದ ಚೀಲ. ಶಾಲು ಆತನದಾಗಿರಲಿಲ್ಲ. ಜೋಡಿಯಾಗಿ ಬಂದಿದ್ದ ಗಂಡ ಹೆಂಡತಿಯಲ್ಲಿ ಹೆಂಡತಿ ಹೊದಿಸಿ ಹೋದದ್ದು. ಅದನ್ನು ಅವಳು ಮಡಿಸಿ ಗಂಡನ ಕೈಯಲ್ಲಿ ವಾಪಸ್ ಕಳಿಸಿದಳು. ಆ ರಾತ್ರಿ ಅವಳಿಗೆ ಅನ್ನಿಸಿತು, ಬರುವವರೆಲ್ಲ ಇಂಥವರೇ ಆದರೆ ಹೇಗೋ ತಳ್ಳಬಹುದು ಅಂತ.

ಆದರೆ ಆಫೀಸಿನಲ್ಲಿ ಬೇರೆಯೇ ಆಗಿತ್ತು. ಆ ದಿನ ಬಂದವರು ಇಡೀ ಊರಿನಲ್ಲಿ ತಮಗೆ ಹಿಡಿಸಿದ್ದು ಆ ನಿದ್ದೆ ಅಂತ ಹೇಳಿ ಹೋಗಿದ್ದರಂತೆ. ಎಲ್ಲ ಕಡೆ ತಮಗಾಗಿ ಯಾರೋ ಏನೋ ಮಾಡಿ ತೋರಿಸುತ್ತಾರೆ, ಇಲ್ಲಿ ಒಬ್ಬ ಹೆಂಗಸು ನಿಜವಾಗಿಯೂ ಮಲಗಿಬಿಟ್ಟಳು ಅಂತ. ಮೇಡಂಗೆ ಖುಷಿಯೋ ಖುಷಿ. ನಗಾರಿಯನ್ನು ಕರೆದು ಕೂರಿಸಿ ಮಾತಾಡಿದ್ದಳು.

"ನೀನು ಏನೂ ಮಾಡಬೇಕಾಗಿಲ್ಲ," ಅಂದ ನಗಾರಿ ಹೆಂಡತಿಗೆ. "ತರಕಾರಿ ಬೇಡ, ಮಾತು ಬೇಡ. ನೀನು ಬಂದು ನಿನ್ನ ಪಾಡಿಗೆ ಮಲಕ್ಕೋ. ಅವರು ಟೀ ಕುಡಿದು, ಬಾಗಿಲಿಂದ ಒಂದು ಸಲ ಇಣುಕಿ ನೋಡಿ ಹೋಗ್ತಾರೆ."

ಅವಳಿಗೆ ನಗು ತಡೆಯಲಾಗಲಿಲ್ಲ. ನಕ್ಕೂ ನಕ್ಕೂ ಕಣ್ಣಲ್ಲಿ ನೀರು ಬಂತು. ಗಂಡ ನಗದೇ ಇರುವುದನ್ನು ನೋಡಿ ನಿಲ್ಲಿಸಿದಳು.

"ಮಲಗೋದನ್ನ ನೋಡೋಕೆ ಜನ ಬರ್ತಾರಾ?"

"ನಿನಗೆ ಮಲಗೋಕೆ ಬಿಡಲ್ಲ ಅಂತ ತಾನೇ ನಿನ್ನ ತಕರಾರು? ಈಗ ಮಲಗು ಅಂತಿದಾರೆ. ಅದಕ್ಕೂ ಬೇಡ ಅಂದ್ರೆ ನಾನು ಅವಳ ಮುಂದೆ ಏನಂತ ಬಾಯಿ ಬಿಡಲಿ?" ಅವನ ದನಿ ಒಡೆಯಿತು. ಊರಿಗೆಲ್ಲ ಕೇಳುವ ಆ ದನಿ ಅಡುಗೆಮನೆಯಲ್ಲಿ ಒಡೆಯುವುದನ್ನು ಅವಳು ಹಿಂದೆಂದೂ ಕೇಳಿರಲಿಲ್ಲ. ಈ ವಯಸ್ಸಿನಲ್ಲಿ ಇನ್ನೆಲ್ಲಿ ಅವನಿಗೆ ಕೆಲಸ ಸಿಗಬೇಕು? ಮರುದಿನದಿಂದ ಬರಲಿ ಅಂತ ಒಪ್ಪಿಕೊಂಡಳು.

ಹಾಗೆ ಒಪ್ಪಿ, ಅವಳು ತನ್ನ ನಿದ್ದೆಯನ್ನು ಕಳೆದುಕೊಂಡಳು.

ಮಂಚದ ಮೇಲೆ ಗೋಡೆಯ ಕಡೆ ತಿರುಗಿ ಮಲಗುತ್ತಿದ್ದಳು. ಮೈ ಸೋತು ಸುಣ್ಣವಾಗಿರುತ್ತಿತ್ತು, ಕಣ್ಣು ಮುಚ್ಚಿರುತ್ತಿತ್ತು, ಒಳಗೆ ಮಾತ್ರ ಯಾರೋ ಬುಡ್ಡಿ ದೀಪ ಹಿಡಿದು ಕೂತ ಹಾಗೆ ಎಚ್ಚರ. ಆಚೆ ಕೋಣೆಯಲ್ಲಿ ಲೋಟಗಳ ಸದ್ದು. ಆಮೇಲೆ ಮೆಲ್ಲನೆ ಹೆಜ್ಜೆಗಳು. ಬಾಗಿಲ ಪರದೆ ಸರಿಯುವುದು. ಉಸಿರು. "ನಿಜವಾಗ್ಲೂ ಮಲಗಿದಾರಾ?" ಅಂತ ಒಬ್ಬರು. "ಶ್, ಏಳ್ತಾರೆ" ಅಂತ ಇನ್ನೊಬ್ಬರು. ಒಂದು ದಿನ ಯಾರೋ ಹತ್ತಿರ ಬಂದು ನಿಂತರು. ಅವರು ಹಚ್ಚಿಕೊಂಡ ಸೋಪಿನ ವಾಸನೆ ಅವಳ ಮೂಗಿಗೆ ಬಂತು. ಕಣ್ಣುರೆಪ್ಪೆ ಅದುರದ ಹಾಗೆ, ಉಸಿರು ಸಮನಾಗಿ ಬಿಡುತ್ತ, ಬೆನ್ನಿನ ತುರಿಕೆಯನ್ನೂ ತಡೆದುಕೊಂಡು ಅವಳು ಮಲಗಿದ್ದಳು. ಇದಕ್ಕಿಂತ ಉರುಳೆಯ ಮುಂದೆ ನಿಲ್ಲುವುದು ಸುಲಭ ಅನ್ನಿಸಿತು. ಅಲ್ಲಿ ಆಯಾಸವಾದರೆ ಆಯಾಸದ ಹಾಗೆ ನಿಲ್ಲಬಹುದಿತ್ತು.

ಬಂದವರು ಯಾರೂ ಇಲ್ಲದ ದಿನವೂ ಈಗ ಕಣ್ಣಿಗೆ ನಿದ್ದೆ ಹತ್ತುತ್ತಿರಲಿಲ್ಲ. ಮಲಗಿದ ಕೂಡಲೇ ತನ್ನ ಬಾಯಿ ತೆರೆದಿದೆಯಾ, ಸೀರೆ ಮೊಣಕಾಲಿಗೆ ಬಂದಿದೆಯಾ ಅಂತ ಯೋಚನೆ. ತಾನೇ ಬಾಗಿಲಲ್ಲಿ ನಿಂತು ತನ್ನನ್ನು ಇಣುಕಿ ನೋಡುತ್ತಿರುವ ಹಾಗೆ.

ಅತ್ತೆಗೂ ಈ ಹೊಸ ಏರ್ಪಾಡು ಹಿಡಿಸಿರಲಿಲ್ಲ. ಮಲಗಿದವಳ ಮುಂದೆ ಎಲ್ಲರೂ ಪಿಸುಗುಡುವುದರಿಂದ ಅವರಿಗೆ ಒಂದಕ್ಷರ ಕೇಳಿಸುತ್ತಿರಲಿಲ್ಲ. ಕಥೆ ಹೇಳಿದರೆ ಮಗ ಕಣ್ಣು ಕೆಕ್ಕರಿಸುತ್ತಿದ್ದ. "ಇದೇನು ಸಾವಿನ ಮನೆಯಾ?" ಅಂತ ಒಂದು ದಿನ ಬಂದವರೆದುರಿಗೇ ಗದರಿಬಿಟ್ಟರು.

ಒಂದು ಬೆಳಗ್ಗೆ ಲಾಂಡ್ರಿಗೆ ಹೋದಾಗ, ಬಟ್ಟೆ ಮಡಿಸುವ ಹೆಂಗಸರೆಲ್ಲ ಒಂದು ಕಡೆ ಗುಂಪುಗೂಡಿದ್ದರು. ಅವಳನ್ನು ಕಂಡು ಗುಂಪು ಸರಿಯಿತು. ಉರುಳೆಯ ಮೇಲಿನ ಕಂಬಕ್ಕೆ ಯಾರೋ ಒಂದು ಬಣ್ಣದ ಕಾಗದ ಅಂಟಿಸಿದ್ದರು. ರೈಲ್ವೆ ಸ್ಟೇಷನ್ನಿನಲ್ಲಿ ಬಂದುಹೋಗುವವರ ಕೈಗೆಲ್ಲ ಕೊಡುತ್ತಿದ್ದಾರಂತೆ. ಮೇಲೆ ದೊಡ್ಡ ಅಕ್ಷರಗಳಲ್ಲಿ "ಊರಿನವರಂತೆ ಊರು ನೋಡಿ" ಅಂತ. ಅದರ ಕೆಳಗೆ ಒಬ್ಬ ಹೆಂಗಸು ಕುರ್ಚಿಯಲ್ಲಿ ಮಲಗಿದ್ದಳು. ಬಾಯಿ ತೆರೆದಿತ್ತು. ಕೆಳದವಡೆಯಲ್ಲಿ ಹಲ್ಲು ಬಿದ್ದ ಜಾಗ ಕಾಣುತ್ತಿತ್ತು. ಕೂದಲು ಹಣೆಗೆ ಅಂಟಿತ್ತು, ಮಡಿಲ ತುಂಬ ಹುರುಳಿಕಾಯಿ, ಮಣಿಕಟ್ಟಿಗೆ ಕೊಳೆಯಾದ ಬಟ್ಟೆ ಸುತ್ತಿತ್ತು.

ತನ್ನ ಮುಖ ಅಂತ ತಿಳಿಯಲು ಅವಳಿಗೆ ಸ್ವಲ್ಪ ಹೊತ್ತು ಬೇಕಾಯಿತು. ತಾನು ಮಲಗಿದಾಗ ಹೀಗೆ ಕಾಣುತ್ತೇನೆ ಅಂತ ಅವಳಿಗೆ ಯಾರೂ ಹೇಳಿರಲಿಲ್ಲ. ಅವಳ ಅಮ್ಮ ಕೊನೆಯ ಕಾಯಿಲೆಯಲ್ಲಿ ಮಲಗಿದ್ದಾಗಿನ ಮುಖ ಅದು.

"ಎಷ್ಟು ಚೆನ್ನಾಗಿ ಬಂದಿದೀಯ ಅಕ್ಕಾ!" ಅಂತ ಯಾರೋ ಹಿಂದಿನಿಂದ ಅಂದರು. ಕೆಲವರು ನಕ್ಕರು. ಸೂಪರ್‌ವೈಸರ್ ಹಾದುಹೋಗುತ್ತ, "ಇಲ್ಲಿ ಮಾತ್ರ ಮಲಗಬೇಡಮ್ಮ" ಅಂದ. ಜೊತೆಗೆ ನಿಲ್ಲುವ ಗೆಳತಿ ಸ್ಟೂಲು ಹತ್ತಿ ಕಾಗದವನ್ನು ಕಿತ್ತು, ಮಡಿಸಿ, ಅವಳ ಚೀಲದೊಳಗೆ ತುರುಕಿದಳು. ಆ ದಿನವೆಲ್ಲ ಇಸ್ತ್ರಿಯಕ್ಕ ಗರ ಬಡಿದವಳಂತೆ ಹೊದಿಕೆಯ ಮೂಲೆಗಳನ್ನು ಉರುಳೆಗೆ ಕೊಡುತ್ತ ನಿಂತಳು.

ಮನೆಗೆ ಬಂದವಳು ಬಾಗಿಲಲ್ಲಿದ್ದ ಬೂಟುಗಳನ್ನು ದಾಟಿ, ಮೇಜಿನ ಸುತ್ತ ಇದ್ದವರನ್ನು ನೋಡದೆ ನಗಾರಿಯ ಎದುರು ಕಾಗದ ಬಿಚ್ಚಿ ಹಿಡಿದಳು.

"ಇದು ನಿಮಗೆ ಗೊತ್ತಿತ್ತಾ?"

ಅವನು ನೋಡಿದ. ಮುಖದ ಬಣ್ಣ ಇಳಿಯಿತು. "ಆ ಕೆಂಪು ಕೋಟಿನ ಹುಡುಗಿ ತೆಗೆದಿದ್ದು. ಒಂದು ಫೋಟೋ ಬಂದಿದೆ, ಹಾಕ್ಕೊಳ್ಳಲಾ ಅಂತ ಮೇಡಂ ಫೋನ್ ಮಾಡಿ ಕೇಳಿದ್ರು. ಬಸ್‌ಸ್ಟಾಪಿನ ಗಲಾಟೆಯಲ್ಲಿದ್ದೆ. ಹೂಂ ಅಂದೆ. ಯಾವ ಫೋಟೋ ಅಂತ ಕೇಳಲಿಲ್ಲ."

"ಎಚ್ಚರ ಇದ್ದಾಗಿನ ಮುಖ ಊರಿಗೆಲ್ಲ ತೋರಿಸ್ಕೊಂಡು ಓಡಾಡ್ತೀನಿ, ಅದು ಯಾರು ನೋಡಿದ್ರೂ ನನಗೇನು? ಮಲಗಿದಾಗಿನ ಮುಖ ಮನೆಯವರದು. ನಾನೇ ನೋಡಿಲ್ಲ ಅದನ್ನ. ನೀವೊಬ್ಬರು ನೋಡಿರೋದು, ನಿಮ್ಮಮ್ಮ, ನನ್ನ ಮಗಳು. ಅದಕ್ಕೆ ಹೂಂ ಅಂದ್ರಾ?"

ಅವಳು ಕೂಗಲಿಲ್ಲ. ಕೂಗಿದ್ದರೆ ನಗಾರಿಗೆ ಸುಲಭವಾಗುತ್ತಿತ್ತೇನೋ. ಬಂದವರು ಒಬ್ಬೊಬ್ಬರಾಗಿ ಎದ್ದು, ಬೂಟು ಹಾಕಿಕೊಂಡು, ಮೆಟ್ಟಿಲಿಳಿದು ಹೋದರು. ನಗಾರಿ ಅವರ ಹಿಂದೆ ಹೋಗಲಿಲ್ಲ. ಅತ್ತೆ ಕಾಗದವನ್ನು ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿದು ನೋಡಿದರು. "ಇಷ್ಟು ಸೊರಗಿದೀಯಾ ನೀನು?" ಅಂದರು. ದಿನಾ ಎದುರಿಗೇ ಇರುವ ಸೊಸೆಯನ್ನು ಆಗ ಕಂಡವರ ಹಾಗೆ.

ಮರುದಿನ ಕೆಲಸ ಮುಗಿಸಿ ಅವಳು ಮನೆಯ ಬಸ್ಸು ಹತ್ತಲಿಲ್ಲ. ಆಫೀಸು ಊರ ನಡುವೆ, ಗಾಜಿನ ಕಟ್ಟಡದ ಒಳಗಿತ್ತು. ಮೇಡಂ ಅಂದರೆ ಯಾರೋ ಗಟ್ಟಿಗಿತ್ತಿ ಅಂದುಕೊಂಡಿದ್ದಳು. ನೋಡಿದರೆ ಅವಳ ಮಗಳಿಗಿಂತ ನಾಲ್ಕು ವರ್ಷ ದೊಡ್ಡವಳಿರಬಹುದು. ಕಣ್ಣ ಕೆಳಗೆ ಕಪ್ಪು. ಮೇಜಿನ ಮೇಲೆ ಅರ್ಧ ತಿಂದು ಒಣಗಿದ ಬ್ರೆಡ್ಡು. ಅವಳನ್ನು ಕಂಡು ಮೇಡಂ ಕುರ್ಚಿಯಿಂದ ಎದ್ದೇ ಬಂದಳು.

"ಅಯ್ಯೋ, ನೀವೇ! ನಿಮ್ಮ ಫೋಟೋ ಎಲ್ಲರಿಗೂ ಎಷ್ಟು ಹಿಡಿಸಿದೆ ಗೊತ್ತಾ? ನೋಡಿದ್ರೆ ಎಂಥವರಿಗೂ ನೆಮ್ಮದಿ ಅನ್ಸುತ್ತೆ."

"ನನಗೆ ಅನ್ನಿಸಲಿಲ್ಲ," ಅಂದಳು ಇಸ್ತ್ರಿಯಕ್ಕ. "ಅದನ್ನ ತೆಗೀರಿ."

ಮೇಡಂ ಕೂತಳು. ಅಚ್ಚಾಗಿದೆ, ಹಂಚಿಯಾಗಿದೆ, ಇನ್ನುಳಿದದ್ದು ಕಟ್ಟುಗಟ್ಟಲೆ ಒಳಗಿದೆ, ಮೇಲಿನವರಿಗೆ ತಾನು ಉತ್ತರ ಹೇಳಬೇಕು ಅಂತೆಲ್ಲ ವಿವರಿಸಿದಳು. ಸುಳ್ಳಿರಲಿಲ್ಲ ಅವಳ ಮಾತಿನಲ್ಲಿ. "ಅದರಲ್ಲಿ ಕೆಟ್ಟದ್ದು ಏನಿದೆ ಹೇಳಿ? ನೀವು ದಣಿದಿದ್ರಿ, ಮಲಗಿದ್ರಿ. ಅದೇ ತಾನೇ ನಿಜವಾದ ಈ ಊರು?"

"ದಣಿದಿದ್ದು ನಿಜ. ಅದಕ್ಕೇ ಅದು ತೋರಿಸೋದಲ್ಲ," ಅಂದಳು ಅವಳು. ಇನ್ನೂ ಏನೋ ಹೇಳಬೇಕು ಅಂತ ದಾರಿಯುದ್ದಕ್ಕೂ ಮನಸ್ಸಿನಲ್ಲೇ ಕಟ್ಟಿಕೊಂಡು ಬಂದಿದ್ದಳು. ಗಾಜಿನ ಕೋಣೆಯ ತಂಪಿನಲ್ಲಿ ಅದೆಲ್ಲ ಕರಗಿಹೋಯಿತು. "ನೀನು ಎಷ್ಟು ಹೊತ್ತಿಗೆ ಮನೆಗೆ ಹೋಗ್ತೀಯಮ್ಮ?" ಅಂತ ಕೇಳಿದಳು ಸುಮ್ಮನೆ.

ಮೇಡಂಗೆ ಆ ಪ್ರಶ್ನೆ ನಿರೀಕ್ಷೆಯಿರಲಿಲ್ಲ. "ಗೊತ್ತಿಲ್ಲ. ಕೆಲಸ ಮುಗಿದಾಗ."

"ಇಲ್ಲೇ ತಲೆ ಇಟ್ಟು ಮಲಗಿದ್ದೀಯಾ ಯಾವತ್ತಾದ್ರೂ? ಈ ಮೇಜಿನ ಮೇಲೆ?"

ಮೇಡಂ ಅರ್ಧ ಬ್ರೆಡ್ಡನ್ನು ಕಾಗದದಲ್ಲಿ ಸುತ್ತಿ ಪಕ್ಕಕ್ಕಿಟ್ಟಳು. ಕೊನೆಗೆ ಅಂದಳು, ಹಂಚಿದ್ದನ್ನು ವಾಪಸ್ ತರುವುದು ತನ್ನ ಕೈಯಲ್ಲಿಲ್ಲ, ಒಳಗಿರುವ ಕಟ್ಟುಗಳನ್ನು ಹಂಚುವುದಿಲ್ಲ, ಮನೆಗೆ ಕರೆತರುವುದನ್ನೂ ನಿಲ್ಲಿಸುತ್ತೇನೆ. ಆದರೆ ನಗಾರಿಯನ್ನು ಹಿಂದಿನಷ್ಟೇ ದಿನ ಇಟ್ಟುಕೊಳ್ಳಲಾಗುವುದಿಲ್ಲ, ಇನ್ನು ಅರ್ಧ ವಾರ ಮಾತ್ರ. ಅವಳು ಹೂಂ ಅಂದಳು. ಯಾವುದಕ್ಕೆ ಹೂಂ ಅನ್ನುತ್ತಿದ್ದೇನೆ ಅಂತ ತಿಳಿದೇ ಅಂದಳು. ವಾಪಸ್ ಬರುವಾಗ ಬಸ್ಸಿನಲ್ಲಿ ಕಂಬ ಹಿಡಿದು ನಿಂತೇ ಬಂದಳು. ಕೂರಲು ಜಾಗವಿರಲಿಲ್ಲ.

ಆಮೇಲಿನದು ದೊಡ್ಡ ಕಥೆಯಲ್ಲ. ನಗಾರಿ ಅರ್ಧ ವಾರ ಜನರನ್ನು ಕರೆದುಕೊಂಡು ಸಾದಾ ಬಸ್ಸಿನಲ್ಲಿ, ತರಕಾರಿ ಸಾಲಿನಲ್ಲಿ, ಕ್ಷೌರದ ಅಂಗಡಿಯಲ್ಲಿ ಸುತ್ತುತ್ತಿದ್ದ. ಉಳಿದ ದಿನ ಕೆಳಗಿನ ಅಂಗಡಿಯವನ ಲೋಡ್ ಇಳಿಸಲು ಹೋಗುತ್ತಿದ್ದ. ಬೆನ್ನು ನೋವು ಶುರುವಾಯಿತು. ಅವಳು ತಿಂಗಳಲ್ಲಿ ಕೆಲವು ದಿನ ಮಧ್ಯಾಹ್ನದ ಪಾಳಿಗೂ ನಿಲ್ಲಬೇಕಾಯಿತು. ಒಂದು ಸಂಜೆ ನಗಾರಿ ಹೆಗಲ ಮೇಲೆ ಒಂದು ಭಾರದ ಚೀಲ ಹೊತ್ತು ಬಂದು ಅಡುಗೆಮನೆಯ ನೆಲಕ್ಕೆ ಇಳಿಸಿದ. ಆಫೀಸಿನಲ್ಲಿ ಉಳಿದಿದ್ದ ಕಾಗದದ ಕಟ್ಟುಗಳು. ಕೇಳಿ ತಂದನೋ ಕೇಳದೆ ತಂದನೋ ಅವನು ಹೇಳಲಿಲ್ಲ, ಅವಳು ಕೆದಕಲಿಲ್ಲ. ಅತ್ತೆ ಒಂದೊಂದನ್ನೇ ಮುಖ ಕೆಳಗೆ ಮಾಡಿ, ಕಪಾಟಿನ ಹಲಗೆಗಳಿಗೆಲ್ಲ ಹಾಸಿ, ಮೇಲೆ ಡಬ್ಬಗಳನ್ನು ಜೋಡಿಸಿದರು. ಒಳ್ಳೆ ದಪ್ಪ ಕಾಗದ, ಎಣ್ಣೆ ಚೆಲ್ಲಿದರೂ ಕೆಳಗೆ ಇಳಿಯಲ್ಲ ಅಂದರು.

ನಿದ್ದೆ ಕೂಡಲೇ ಮರಳಲಿಲ್ಲ. ಬಹಳ ದಿನ ಅವಳು ಮಂಚದ ಮೇಲೆ ಸುಮ್ಮನೆ ಬಿದ್ದಿರುತ್ತಿದ್ದಳು, ಪರದೆಯ ಆಚೆ ಯಾರೂ ಇಲ್ಲ ಅಂತ ತನಗೆ ತಾನೇ ಹೇಳಿಕೊಳ್ಳುತ್ತ. ಆಮೇಲೆ ಒಂದು ಮಧ್ಯಾಹ್ನ, ಅದು ಯಾವ ದಿನ ಅಂತ ಅವಳಿಗೂ ನೆನಪಿಲ್ಲ, ಬಂದು ಬಿದ್ದವಳು ಎದ್ದಾಗ ಕೋಣೆ ಕತ್ತಲಾಗಿತ್ತು. ಅತ್ತೆ ಹೇಗೋ ತಡಕಾಡಿ ಅನ್ನಕ್ಕೆ ಇಟ್ಟಿದ್ದರು. ಅದು ಸೀದಿತ್ತು. ಮೂವರೂ ಸೀದ ಅನ್ನವನ್ನೇ ತಿಂದರು, ಯಾರೂ ಗೊಣಗಲಿಲ್ಲ.

ಮಳೆ ಹಿಡಿದ ಒಂದು ಸಂಜೆ ನಗಾರಿ ಒದ್ದೆಯಾಗಿ ಬಂದು, ಬಿಸಿನೀರಿನಲ್ಲಿ ಕಾಲಿಟ್ಟು ಕೂತಿದ್ದ. ಅವಳು ಅವನ ಬೆನ್ನಿಗೆ ಎಣ್ಣೆ ತಿಕ್ಕುತ್ತ ಕೇಳಿದಳು, "ಇವತ್ತು ಎಂಥವರು ಬಂದಿದ್ರು?"

"ಒಳ್ಳೆಯವರೇ. ಗಂಡ ಹೆಂಡತಿ, ಇಬ್ಬರು ಮಕ್ಕಳು. ಬಸ್ಸಲ್ಲಿ ನಿಂತ್ಕೊಂಡೇ ಬಂದ್ರು ಪಾಪ. ಕೊನೇಲಿ ಆ ಹೆಂಗಸು ಕೇಳಿದ್ಲು, ನಿಮ್ಮ ಮನೆ ಇಲ್ಲೇ ಎಲ್ಲೋ ಹತ್ತಿರಾನಾ ಅಂತ."

"ಏನಂದ್ರಿ?"

"ಈ ಕಟ್ಟಡದ ಬಾಗಿಲ ಎದುರಿಗೇ ನಿಂತಿದ್ವಿ." ಅವನು ಕಾಲನ್ನು ನೀರಿನಿಂದ ಎತ್ತಿ, ಮತ್ತೆ ಇಳಿಸಿದ. "ಬಹಳ ದೂರ ಅಂದೆ."

ಅವಳು ಬಟ್ಟಲಿನಿಂದ ಇನ್ನಷ್ಟು ಎಣ್ಣೆ ತೆಗೆದುಕೊಂಡು, ನೋವಿದ್ದ ಜಾಗವನ್ನು ಬೆರಳಿನಿಂದ ಹುಡುಕುತ್ತ, ಮೆಲ್ಲಗೆ ಒತ್ತತೊಡಗಿದಳು.